ಮುಚ್ಚಳಕ್ಕೊಂದು ತೂತು

ಡೀಸೆಲ್ ಕಾರು ಎಳೆಯದೆ ಹೋದರೆ ಮೊದಲು ಏನು ನೋಡಬೇಕು ಎಂದು ನಾನು ಬೆಳಗಾವಿಯ ತರಬೇತಿ ಕೇಂದ್ರವೊಂದರಲ್ಲಿ ಬಹಳ ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಈಗಿನ ವಿದ್ಯಾರ್ಥಿಗಳು ಬಾನೆಟ್ ಎತ್ತುವ ಮೊದಲೇ ಸ್ಕ್ಯಾನರ್ ಚುಚ್ಚಿ ಪರದೆಯ ಮೇಲೆ ಬಂದದ್ದನ್ನು ಓದುತ್ತಾರೆ. ತಪ್ಪೇನಿಲ್ಲ, ಈಗಿನ ಗಾಡಿಗಳೂ ಹಾಗೆಯೇ ಇವೆ. ಆದರೂ ನಾನು ಅವರನ್ನು ಮೊದಲು ಗಾಡಿಯ ಹಿಂಬದಿಗೆ ಕರೆದುಕೊಂಡು ಹೋಗಿ, ಡೀಸೆಲ್ ಟಾಕಿಯ ಮುಚ್ಚಳ ತೆಗೆಸಿ, ಗಾಳಿ ಒಳಗೆ ನುಗ್ಗುವ ಸದ್ದು ಬರುತ್ತದೆಯೇ ಕೇಳಿ ನೋಡಿರಿ ಅನ್ನುತ್ತೇನೆ. ಇದನ್ನು ನಾನು ನಮ್ಮ ಅಪ್ಪನಿಂದ, ಅಂದರೆ ವಡಗಾವಿಯ ಶಿವಪ್ಪ ಮಿಸ್ತ್ರಿಯಿಂದ, ಕಲಿತೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ನನ್ನ ಸೇವೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಸಣ್ಣದೊಂದು ಸಮಾರಂಭ ಮಾಡಿದರು. ಶಾಲು ಹೊದ್ದುಕೊಂಡು ನಾನೂ ಮೈಕಿನ ಮುಂದೆ ಹಾಗೆಯೇ ಹೇಳಿದೆ. ಅದು ಸುಳ್ಳು. ನನಗೆ ಅದನ್ನು ಕಲಿಸಿದವಳು ಅವ್ವ. ಆ ಸುಳ್ಳು ಶುರುವಾದಾಗ ನನಗೆ ಹನ್ನೊಂದು ವರ್ಷ, ಅದನ್ನು ಕೇಳಿಸಿಕೊಂಡವಳು ಅವ್ವನೇ.

ನಮ್ಮದು ಮೂಲತಃ ಮಗ್ಗದ ಮನೆ. ವಡಗಾವಿಯ ಓಣಿಯೊಳಗೆ, ಎದುರುಬದುರಿನ ಎರಡು ಕಟ್ಟೆಗಳ ನಡುವೆ ಒಂದು ಗಾಡಿ ಹಾಯುವಷ್ಟೇ ದಾರಿ. ಬಾಗಿಲು ದಾಟಿದರೆ ಉದ್ದನೆಯ ಪಡಸಾಲೆ, ಅದರಲ್ಲಿ ಎರಡು ಕುಣಿಮಗ್ಗ. ಒಂದರಲ್ಲಿ ಅಜ್ಜ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ಇನ್ನೊಂದರಲ್ಲಿ, ಖಾನಾಪುರದಿಂದ ಸೊಸೆಯಾಗಿ ಬಂದು ಅಜ್ಜನ ಕೈಯಲ್ಲೇ ನೇಯ್ಗೆ ಕಲಿತ ಅವ್ವ. ಅಪ್ಪ ಒಂದು ದಿನವೂ ಮಗ್ಗಕ್ಕೆ ಕೂತವನಲ್ಲ. ಲಾರಿ ಗ್ಯಾರೇಜಿನಲ್ಲಿ ಡೀಸೆಲ್ ಕೆಲಸ ಕಲಿತ. ಅಜ್ಜ ತೀರಿಕೊಂಡ ತಿಂಗಳೊಳಗೆ ಓಣಿ ಕಡೆಯ ಗೋಡೆ ಒಡೆದು, ಅಜ್ಜನ ಮಗ್ಗ ಬಿಚ್ಚಿ ಹಿತ್ತಲಿಗೆ ಹಾಕಿ, ಆತ ಕಾಲು ಬಿಡುತ್ತಿದ್ದ ಕುಣಿಯನ್ನೇ ಉದ್ದಕ್ಕೂ ಆಳಕ್ಕೂ ತೋಡಿಸಿದ. ಅದರ ಮೇಲೆ ಕಾರು ತಂದು ನಿಲ್ಲಿಸಿದರೆ ಕೆಳಗೆ ಒಬ್ಬ ಮನುಷ್ಯ ನಿಂತು ಕೆಲಸ ಮಾಡಬಹುದಾಗಿತ್ತು. ಅವ್ವನ ಮಗ್ಗ ಮಾತ್ರ ಒಳಗಿನ ಮೂಲೆಯಲ್ಲಿ ಉಳಿಯಿತು. ನಡುವೆ ಗೋಣಿತಟ್ಟಿನ ಒಂದು ಪರದೆ. ಈಚೆ ನೂಲು, ಆಚೆ ಡೀಸೆಲ್ಲು. ಎಂಜಿನ್ ಶುರುವಾದರೆ ಹೊಗೆ ಪರದೆಗೆ ಕಾಯುತ್ತಿರಲಿಲ್ಲ. ನೇಯ್ದ ಸೀರೆಯ ಮೇಲೆ ಮಸಿಯ ಚುಕ್ಕೆ ಬಿದ್ದರೆ ಶಹಾಪುರದ ವ್ಯಾಪಾರಿ ಅದನ್ನು ತಿರುಗಿ ಕಳಿಸುತ್ತಿದ್ದ. ಅಂಥ ದಿನ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಜೋರಾಗಿರುತ್ತಿತ್ತು, ಅಷ್ಟೇ. ಜಗಳ ಅಪ್ಪನೇ ಶುರು ಮಾಡಬೇಕು, ಅಪ್ಪನೇ ಮುಗಿಸಬೇಕು.

ಊಟಕ್ಕೆ ಎಲ್ಲರಿಗಿಂತ ಮೊದಲು ಅಪ್ಪ ಕೂರುತ್ತಿದ್ದ. ಸೀಮೆಎಣ್ಣೆಯಲ್ಲಿ ತಿಕ್ಕಿ, ಬಟ್ಟೆ ಸೋಪಿನಲ್ಲಿ ತೊಳೆದರೂ ಅವನ ಉಗುರಿನ ಸಂದಿ ಕಪ್ಪಾಗಿಯೇ ಇರುತ್ತಿತ್ತು. ಆ ಕೈಯಿಂದ ರೊಟ್ಟಿ ಮುರಿದು, ಪುಂಡಿಪಲ್ಲೆ ಹಚ್ಚಿ, ಬಾಯಿಗಿಡುವ ಮೊದಲು ಆ ದಿನ ಬಂದ ಗಾಡಿಯ ರೋಗ ಹೇಳುತ್ತಿದ್ದ. ಕಪ್ಪು ಹೊಗೆ ಬಂದರೆ ಎಂಜಿನ್ನಿಗೆ ಗಾಳಿ ಸಾಲದು, ನೀಲಿ ಹೊಗೆ ಬಂದರೆ ಒಳಗಿನ ಆಯಿಲ್ ಸುಡುತ್ತಿದೆ, ಹೊಗೆಯೇ ಇಲ್ಲದೆ ಗಾಡಿ ಸೋತರೆ ಡೀಸೆಲ್ ಸರಿಯಾಗಿ ಬರುತ್ತಿಲ್ಲ. ನಾನು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಕುಣಿಗೆ ಇಳಿಯಬೇಕು, ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿಯಬೇಕು, ನನಗೆ ಬೇರೆ ಆಸೆ ಇರಲಿಲ್ಲ. ಅಪ್ಪ ಬಿಡುತ್ತಿರಲಿಲ್ಲ. ಹೆಣ್ಣುಮಕ್ಕಳು ಕುಣಿಗೆ ಇಳಿದರೆ ಕೆಲಸ ಕೆಡುತ್ತದೆ ಅನ್ನುತ್ತಿದ್ದ. ದಸರೆಯ ಖಂಡೇಪೂಜೆಯ ದಿನ ಪಾನಾ, ಸುತ್ತಿಗೆ, ಜಾಕು ಎಲ್ಲಕ್ಕೂ ಕುಂಕುಮ ಇಟ್ಟಾದ ಮೇಲೆ, ಮಣೆಯ ಅಂಚಿನಲ್ಲಿ ಜಾಗ ಉಳಿದರೆ ಅವ್ವ ತನ್ನ ಲಾಳಿಯನ್ನು ಇಡಬಹುದಾಗಿತ್ತು. ಆ ದಿನವೂ ನಾನು ದೂರದಿಂದಲೇ ಕೈ ಮುಗಿಯಬೇಕು.

ಅವ್ವನ ತವರಿನ ಮಾತು ಮರಾಠಿ. ಜಾತಿ ಒಂದೇ, ಮನೆಮಾತು ಬೇರೆ. ಅಪ್ಪನ ಮುಂದೆ, ಓಣಿಯಲ್ಲಿ, ಅವಳದು ಕನ್ನಡ. ನಾವಿಬ್ಬರೇ ಇದ್ದಾಗ ಮರಾಠಿ. ನನ್ನನ್ನು ‘ಬಾಳಾ’, ಅಂದರೆ ಮಗುವೇ, ಎಂದು ಕರೆಯುತ್ತಿದ್ದುದು ಆ ಮಾತಿನಲ್ಲಿ ಮಾತ್ರ. ಬೈಯುವುದೂ ಅದರಲ್ಲೇ, ನಗುವುದೂ ಅದರಲ್ಲೇ. ಲಾಳಿ ಓಡಿಸುತ್ತ ತನ್ನ ತಾಯಿಯ ಸಿಟ್ಟು, ತಮ್ಮನ ತುಂಟತನ, ತಾನು ಓದು ಬಿಟ್ಟ ಸಾಲಿ ಎಲ್ಲವನ್ನೂ ನನಗೆ ಹೇಳುತ್ತಿದ್ದಳು. ಅಪ್ಪನಿಗೆ ಮರಾಠಿ ಬರುತ್ತಿರಲಿಲ್ಲ ಎಂದಲ್ಲ, ಬೆಳಗಾವಿಯಲ್ಲಿ ಯಾರಿಗೆ ಬರುವುದಿಲ್ಲ? ಆದರೂ ಅದು ನಮ್ಮಿಬ್ಬರ ಮಾತು ಎಂದು ನಾನು ತಿಳಿದಿದ್ದೆ.

ಆ ತಮ್ಮನೇ ಪರಶು ಮಾಮಾ. ಖಾನಾಪುರದಲ್ಲಿ ಒಂದು ಹಳೆಯ ಕಾರು ಕೊಂಡು, ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿಕೊಂಡು, ದಿನಾ ಮುಂಜಾನೆ ಐದಾರು ಜನ ಮಾಸ್ತರರನ್ನೂ ಕಚೇರಿಯವರನ್ನೂ ಬೆಳಗಾವಿಗೆ ಕರೆತಂದು ಸಂಜೆ ಒಯ್ಯುತ್ತಿದ್ದ. ಅದೇ ಅವನ ಜೀವನ. ಅಪ್ಪನನ್ನು ಅವನು ‘ದಾಜಿ’ ಅನ್ನುತ್ತಿದ್ದ. ಅಕ್ಕನ ಗಂಡ ಎಂಬ ಗೌರವಕ್ಕಿಂತ, ಅಂಥ ಕೈ ಊರಲ್ಲೇ ಇಲ್ಲ ಎಂಬ ನಂಬಿಕೆ ಆ ಕರೆಯಲ್ಲಿ ಹೆಚ್ಚಿತ್ತು. ಒಂದು ಮಳೆಗಾಲ ಮುಗಿದ ಮೇಲೆ ಅವನು ಗಾಡಿ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ಖಾನಾಪುರ ಬಿಡುವಾಗ ಸರಿಯಾಗಿಯೇ ಇರುತ್ತದೆ, ಹತ್ತು ಹನ್ನೆರಡು ಮೈಲಿ ಆಗುವುದರೊಳಗೆ ದಮ್ಮು ಹೋಗುತ್ತದೆ, ಏರಿನಲ್ಲಿ ಎತ್ತಿನ ಗಾಡಿಯೂ ಹಿಂದೆ ಹಾಕುತ್ತದೆ ಎಂದ. ಅಪ್ಪ ಗಾಳಿ ಸೋಸುವ ಜಾಳಿಗೆ ನೋಡಿದ, ಡೀಸೆಲ್ ಫಿಲ್ಟರ್ ಬದಲಿಸಿದ, ಪೈಪಿನೊಳಗೆ ಸಿಕ್ಕ ಗಾಳಿ ತೆಗೆದ. ಪಕ್ಕದ ಶಹಾಪುರದ ತನಕ ಓಡಿಸಿ ಬಂದ. ಗಾಡಿ ಚಿಗರಿಯ ಹಾಗೆ ಓಡಿತು. ನಾಲ್ಕೇ ದಿನಕ್ಕೆ ಮಾಮಾ ಅದೇ ದೂರು ಹೊತ್ತು ತಿರುಗಿ ಬಂದ. ಅಪ್ಪ ಡೀಸೆಲ್ ಚಿಮ್ಮುವ ನಾಝಲ್ ಬಿಚ್ಚಿ ತೊಳೆದ, ಪಂಪು ಬಿಚ್ಚಿ ಅದರ ಕೆಲಸ ಮಾಡುವವರ ಕಡೆ ಕಳಿಸಿ ಅಳತೆ ಕೂಡಿಸಿ ತರಿಸಿದ. ಮತ್ತೆ ಶಹಾಪುರದ ತನಕ ಓಡಿಸಿದ. ಮತ್ತೆ ಚಿಗರಿ.

ಆ ಸಲ ಅವ್ವ ಅದೇ ಗಾಡಿಯಲ್ಲಿ ತಮ್ಮನ ಜೊತೆ ತವರಿಗೆ ಹೋಗಿ ಮೂರು ದಿನ ಇದ್ದು ಬಂದಳು. ನಾನೂ ಹೋಗಿದ್ದೆ. ತಿರುಗಿ ಬರುವಾಗ ದೇಸೂರು ಇನ್ನೂ ಮುಂದಿರುವಾಗ ಗಾಡಿ ಸೋತು ನಿಂತೇ ಬಿಟ್ಟಿತು. ಹೊಗೆ ಇಲ್ಲ, ಸದ್ದಿಲ್ಲ, ಉಸಿರು ಕಟ್ಟಿದವರ ಹಾಗೆ. ಮಾಮಾ ಇಳಿದು, ಡೀಸೆಲ್ ಇದೆಯೋ ಇಲ್ಲವೋ ಎಂದು ಕಡ್ಡಿ ಹಾಕಿ ನೋಡಲು ಟಾಕಿಯ ಮುಚ್ಚಳ ತಿರುಗಿಸಿದ. ಸುಂಯ್ ಎಂದು ಗಾಳಿ ಒಳಗೆ ಎಳೆದುಕೊಂಡಿತು. ಡೀಸೆಲ್ ಅರ್ಧ ಟಾಕಿ ಇತ್ತು. ಮುಚ್ಚಳ ಹಾಕಿ ಶುರು ಮಾಡಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು. ಪಿರಣವಾಡಿಯ ಹತ್ತಿರ ಮತ್ತೆ ಸೋತಿತು. ಈ ಸಲ ಅವ್ವನೇ, ಮುಚ್ಚಳ ತೆಗೆದು ನೋಡು ಎಂದಳು. ಮತ್ತೆ ಸುಂಯ್. ಮತ್ತೆ ಗಾಡಿ ಓಡಿತು. ಅವ್ವ ಆ ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿದ್ದಳು. ಹಳೆಯದು ಕಳೆದುಹೋಗಿತ್ತಂತೆ. ಮಾಮಾ ಖಾನಾಪುರದ ತಗಡಿನ ಕೆಲಸದವನಿಂದ ಹೊಸದು ಮಾಡಿಸಿ, ಡೀಸೆಲ್ ತುಳುಕಬಾರದೆಂದು ಒಳಗೆ ಸೈಕಲ್ ಟ್ಯೂಬು ಕತ್ತರಿಸಿ ಹಾಕಿ ಬಿಗಿ ಮಾಡಿಕೊಂಡಿದ್ದ. ಮನೆ ಸೇರಿದ ಮೇಲೆ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಎಣ್ಣೆಯ ಡಬ್ಬಿ ತೋರಿಸಿದಳು. ಮೇಲೆ ಎರಡು ತೂತು. ಒಂದೇ ತೂತು ಹಾಕಿದರೆ ಎಣ್ಣೆ ಸುರಿಯುವುದಿಲ್ಲ, ಎಣ್ಣೆ ಹೊರಗೆ ಹೋಗಬೇಕಾದರೆ ಇನ್ನೊಂದರಿಂದ ಗಾಳಿ ಒಳಗೆ ಬರಬೇಕು ಎಂದು ಮರಾಠಿಯಲ್ಲಿ ಹೇಳಿ, ಒಂದು ತೂತಿನ ಮೇಲೆ ಬೆರಳಿಟ್ಟು ಡಬ್ಬಿ ಬಗ್ಗಿಸಿದಳು. ಎರಡು ಹನಿ ಬಿದ್ದು ನಿಂತಿತು. ಬೆರಳು ತೆಗೆದಳು, ಧಾರೆ ಬಂತು. ಡೀಸೆಲ್ ಗಾಡಿಯ ಬಗ್ಗೆ ನನ್ನ ಮೊದಲ ಪಾಠ ಅದು.

ಮರುದಿನ ಪಡಸಾಲೆಯಲ್ಲಿ ಅಪ್ಪ, ಮಾಮಾ, ಓಣಿಯ ಇಬ್ಬರು ಹಿರಿಯರು ಕೂತು ಗಾಡಿಯ ಮಾತಾಡುತ್ತಿದ್ದಾಗ ಅವ್ವ ಚಹಾ ತಂದುಕೊಟ್ಟು, ಹೋಗದೆ ಅಲ್ಲೇ ನಿಂತಳು.

“ಒಂದ ಮಾತ ಹೇಳಲೇನ್ರಿ? ಟಾಕಿ ಮುಚ್ಚಳಕ್ಕ ಉಸರಾಡಾಕ ತೂತಿಲ್ಲ. ಅದಕ್ಕ ಡೀಜಲ್ ಬರವಲ್ದು. ಒಂದ ಸಣ್ಣ ತೂತ ಹಾಕಿ ನೋಡ್ರಿ.”

ಅಪ್ಪ ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದ.

“ಕೇಳಿದ್ರೇನು? ಹದಿನೈದ ವರ್ಷ ಎಂಜಿನ್ನಿನಾಗ ಕೈ ಇಟ್ಟೇನಿ. ಈಗ ನಮ್ಮ ಮನ್ಯಾಗಿನ ಮಿಸ್ತ್ರಿ ಹೇಳಾಕತ್ತಾಳ, ತೂತ ಹಾಕು ಅಂತ.”

ಹಿರಿಯರು ನಕ್ಕರು. ಮಾಮಾನೂ ನಕ್ಕ. ತನ್ನ ಕಣ್ಣೆದುರೇ ಎರಡು ಸಲ ಆದದ್ದನ್ನು ಅವನು ಹೇಳಬಹುದಾಗಿತ್ತು. ದಾಜಿ ನಗುವಾಗ ನಗದೆ ಇರುವುದು ಅವನಿಗೆ ಗೊತ್ತಿರಲಿಲ್ಲ. ಅವ್ವ ಖಾಲಿ ಬಸಿಗಳನ್ನು ಎತ್ತಿಕೊಂಡು ಒಳಗೆ ಬಂದಳು. ಅಂದು ಊಟದ ಹೊತ್ತಿಗೆ ಅಪ್ಪ ಗಂಗಾಳ ದೂಡಿ ಎದ್ದ. ನಾಲ್ಕು ಮಂದಿಯ ಮುಂದೆ ನನ್ನ ಮರ್ಯಾದೆ ಕಳೆದೆ, ಇನ್ನು ಪರದೆ ದಾಟಿ ಈಚೆ ಬಂದರೆ ಮಗ್ಗ ಕಿತ್ತು ಒಲೆಗೆ ಹಾಕುತ್ತೇನೆ ಎಂದ. ಅವ್ವ ರೊಟ್ಟಿಯ ಬುಟ್ಟಿ ಮುಚ್ಚಿಟ್ಟಳು.

ಒಂದು ಮುಚ್ಚಳ ತೆಗೆದು ಖಾನಾಪುರದ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದ್ದರೆ ಮುಗಿಯುತ್ತಿತ್ತು. ಅದನ್ನು ಮಾಡಿ ನೋಡಿ, ಅವ್ವ ಹೇಳಿದ್ದೇ ಖರೇ ಎಂದಾದರೆ? ಆ ಹೆದರಿಕೆಗೇ ಅಪ್ಪ ಎಂಜಿನ್ ಬಿಚ್ಚಿದ ಎಂದು ನಾನು ಈಗ ಹೇಳಬಲ್ಲೆ. ಆಗ ನನಗೆ ತಿಳಿದದ್ದು ಇಷ್ಟೇ. ಎರಡು ದಿನ ಬಿಟ್ಟು ಅವನು ಮಾಮಾನಿಗೆ, ಎಂಜಿನ್ ಒಳಗೆ ಸವೆದಿದೆ, ಪೂರ್ತಿ ಬಿಚ್ಚಿ ರಿಂಗು, ಬೇರಿಂಗು ಹೊಸದು ಹಾಕದೆ ಗತಿಯಿಲ್ಲ ಎಂದ. ಮಾಮಾ ತಲೆ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತ. ಅವ್ವ ಒಳಗಿನ ಪೆಟ್ಟಿಗೆ ತೆಗೆದು, ಮದುವೆಯಲ್ಲಿ ಅವಳ ತಾಯಿ ಹಾಕಿದ್ದ ಚಿನ್ನದ ಬೋರಮಾಳ ಸರವನ್ನು ತಂದು ತಮ್ಮನ ಕೈಯಲ್ಲಿಟ್ಟಳು. ಬೇಡದ ಕೆಲಸಕ್ಕೆ ಕೊಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಕೊಡದಿದ್ದರೆ ತಮ್ಮನ ಗಾಡಿ ಕುಣಿಯ ಮೇಲೇ ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಅಪ್ಪ ನೋಡಿದ, ನೋಡಿ ಕುಣಿಗೆ ಇಳಿದ.

ಎಂಜಿನ್ನಿನ ತಲೆ ತೆಗೆದ ದಿನ ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಅಪ್ಪ ಸಿಲಿಂಡರಿನ ಒಳಗೋಡೆಯ ಮೇಲೆ ಉಗುರು ಆಡಿಸಿದ. ಸವೆದಿದ್ದರೆ ಮೇಲಿನ ಅಂಚಿನಲ್ಲಿ ಉಗುರು ತಡೆಯುತ್ತದೆ. ನಾಲ್ಕರಲ್ಲೂ ಆಡಿಸಿದ, ಒಂದರಲ್ಲೂ ಉಗುರು ತಡೆಯಲಿಲ್ಲ. ಆಮೇಲೆ ಬಹಳ ಹೊತ್ತು ಹಾಗೇ ನಿಂತ, ಬೀಡಿ ಹಚ್ಚಿದ, ಸೇದದೆ ಆರಿಸಿದ. ಆ ಮೋರೆಯನ್ನು ನಾನು ಮರೆತಿಲ್ಲ. ಅವನಿಗೆ ಆಗಲೇ ತಿಳಿದಿತ್ತು. ಆದರೂ ಹೊಸ ರಿಂಗು ತರಿಸಿದ, ಹಾಕಿದ. ಮೂರು ವಾರ ಗಾಡಿ ನಮ್ಮ ಪಡಸಾಲೆಯಲ್ಲಿ ಬಿಚ್ಚಿಕೊಂಡು ನಿಂತಿತು.

ಎಲ್ಲ ಕೂಡಿಸಿ ಮುಗಿದ ಮಧ್ಯಾಹ್ನ ಅವ್ವ ನೇಯ್ದ ಸೀರೆ ಕೊಡಲು ಶಹಾಪುರಕ್ಕೆ ಹೋಗಿದ್ದಳು. ನಾನು ಸಾಲಿಯಿಂದ ಬೇಗ ಬಂದೆ. ಅಪ್ಪ ಒಬ್ಬನೇ ಇದ್ದ. ಟಾಕಿಯ ಮುಚ್ಚಳವನ್ನು ಕಟ್ಟಿಗೆಯ ಮೇಲೆ ಇಟ್ಟು, ಕಾಲಿನಿಂದ ಒತ್ತಿಹಿಡಿದು, ಕೈ ಡ್ರಿಲ್ಲಿನಿಂದ ತೂತು ಹಾಕುತ್ತಿದ್ದ. ಸೂಜಿಯಷ್ಟು ತೂತು. ತಗಡಿನ ಪುಡಿ ಊದಿದ, ಹೊಳೆಯುವ ಜಾಗಕ್ಕೆ ಗ್ರೀಸು ಸವರಿದ. ತಲೆ ಎತ್ತಿದಾಗ ನಾನು ಬಾಗಿಲಲ್ಲಿ ಪಾಟೀಚೀಲ ಹಿಡಿದು ನಿಂತಿದ್ದೆ. ಬೈಯುತ್ತಾನೆ ಅಂದುಕೊಂಡೆ. ಹೊಡೆದರೂ ಹೊಡೆಯಬಹುದಾಗಿತ್ತು, ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಮುಚ್ಚಳವನ್ನು ಟಾಕಿಗೆ ಹಾಕಿ ತಿರುಗಿಸಿ, ಕೈ ಒರೆಸಿಕೊಂಡು, ನನ್ನನ್ನೇ ನೋಡಿದ.

“ಬಾ ಇಲ್ಲೆ. ಕುಣ್ಯಾಗ ಇಳಿ. ಪಾನಾ ಹೆಂಗ ಹಿಡೀಬೇಕು ತೋರಸ್ತೇನಿ.”

ನಾನು ಚೀಲ ಅಲ್ಲೇ ಬಿಟ್ಟು ಇಳಿದೆ. ಹದಿನಾಲ್ಕರ ಪಾನಾ ನನ್ನ ಕೈಯಲ್ಲಿಟ್ಟು, ತನ್ನ ಕೈಯನ್ನು ಅದರ ಮೇಲಿಟ್ಟು, ಒಂದು ನಟ್ಟು ಬಿಗಿಸುವುದನ್ನು ತೋರಿಸಿದ. ಮುಚ್ಚಳದ ಮಾತು ಅವನು ಎತ್ತಲಿಲ್ಲ. ಯಾರಿಗೂ ಹೇಳಬೇಡ ಅನ್ನಲೂ ಇಲ್ಲ. ಅನ್ನುವ ಅಗತ್ಯ ಇರಲಿಲ್ಲ.

ಮರುದಿನ ಮಾಮಾ ಗಾಡಿಯನ್ನು ಖಾನಾಪುರಕ್ಕೆ ಓಡಿಸಿ, ಅಲ್ಲಿಂದ ಜಾಂಬೋಟಿಯ ಏರು ಹತ್ತಿಸಿ, ಪೇಢೆಯ ಪೊಟ್ಟಣ ಹಿಡಿದು ವಾಪಸು ಬಂದ. ಓಣಿಯ ಮಂದಿಗೆಲ್ಲ ಹಂಚಿ, ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹಿಂದೆ ನಕ್ಕಿದ್ದ ಹಿರಿಯರು, ಎಂಜಿನ್ ಬಿಚ್ಚಿದ್ದಕ್ಕೆ ರೋಗ ಸಿಕ್ಕಿತು ನೋಡು ಎಂದರು. ಅಪ್ಪ ದೊಡ್ಡದೇನೂ ಅಲ್ಲ ಎಂಬಂತೆ ತಲೆ ಅಲ್ಲಾಡಿಸಿದ. ಅವ್ವ ಅವರಿಗೆಲ್ಲ ಚಹಾ ಮಾಡಿಕೊಟ್ಟು, ಗಾಡಿಯ ತನಕ ಹೋಗಿ ತಮ್ಮನನ್ನು ಬೀಳ್ಕೊಟ್ಟು ಬಂದಳು. ಅಪ್ಪ ಹೊರಗೆ ಹೋದ ಮೇಲೆ ಮಗ್ಗಕ್ಕೆ ಕೂತು ನನ್ನನ್ನು ಕರೆದಳು. ಲಾಳಿ ನಿಲ್ಲಿಸಿ, ನಮ್ಮ ಮಾತಿನಲ್ಲಿ, ಮೆಲ್ಲಗೆ ಕೇಳಿದಳು: ಬಾಳಾ, ನೀನು ಮನೆಯಲ್ಲೇ ಇದ್ದೆಯಲ್ಲ, ಅಪ್ಪ ಆ ಮುಚ್ಚಳಕ್ಕೆ ಏನಾದರೂ ಮಾಡಿದನೇ? ನನ್ನ ಉಗುರಿನ ಸಂದಿಯಲ್ಲಿ ಹಿಂದಿನ ದಿನದ ಮಸಿ ಇತ್ತು. ನಾಳೆ ಫಿಲ್ಟರ್ ಬಿಚ್ಚುವುದು ಕಲಿಸುತ್ತೇನೆ ಎಂದು ಅಪ್ಪ ಹೇಳಿದ್ದ.

“ಇಲ್ಲವಾ,” ಎಂದೆ. ಕನ್ನಡದಲ್ಲಿ ಹೇಳಿದೆ. “ಎಂಜಿನ್ನ ಕೆಟ್ಟಿತ್ತಂತ.”

ಅವ್ವ ನನ್ನ ಕೈ ನೋಡಿದಳು, ಮುಖ ನೋಡಿದಳು, ಲಾಳಿ ಓಡಿಸಿದಳು. ಅಂದಿನಿಂದ ಅವಳು ನನ್ನ ಜೊತೆ ಮರಾಠಿ ಆಡಲಿಲ್ಲ. ಊಟಕ್ಕೆ ಬಾ, ತಲೆ ಬಾಚಿಕೋ, ನೀರು ಬಂದಿದೆ ಎಂದು ಬೇಕಾದ ಮಾತನ್ನೆಲ್ಲ ಕನ್ನಡದಲ್ಲಿ ಆಡಿದಳು. ತವರಿನ ಕಥೆಗಳು ನಿಂತವು. ಸಾಲಿಯಲ್ಲಿ ನನ್ನ ಕನ್ನಡ ಸುಧಾರಿಸಲಿ ಎಂದಿರಬೇಕು ಅಂದುಕೊಂಡೆ. ಅಷ್ಟು ಯೋಚಿಸಲೂ ನನಗೆ ಪುರುಸೊತ್ತಿರಲಿಲ್ಲ, ನಾನು ಕುಣಿಯಲ್ಲಿದ್ದೆ. ಅಪ್ಪ ಪ್ರೀತಿಯಿಂದ ಕಲಿಸಿದ, ಅದನ್ನು ಮುಚ್ಚಿಡಲಾರೆ. ಸದ್ದು ಕೇಳಿ ರೋಗ ಹೇಳುವುದು, ಬೆರಳಿನಿಂದ ಬಿಸಿ ಅಳೆಯುವುದು, ನಟ್ಟಿನ ಹಲ್ಲು ಹೋಗದಂತೆ ಬಿಗಿಸುವುದು ಅವನಿಂದಲೇ ಬಂದದ್ದು. ಡೀಸೆಲ್ ಮೆಕ್ಯಾನಿಕ್ ತರಗತಿಗೆ ಸೇರಿದ ಒಬ್ಬಳೇ ಹುಡುಗಿ ನಾನಾದಾಗ ಬೇಡವೆಂದ ಬಂಧುಗಳ ಬಾಯಿ ಮುಚ್ಚಿಸಿದವನೂ ಅವನೇ. ನನ್ನ ನೌಕರಿ, ನನ್ನ ಹೆಸರು, ನಾನು ಕಟ್ಟಿಕೊಂಡ ಮನೆ ಎಲ್ಲವೂ ಒಂದು ಸುಳ್ಳಿಗೆ ಸಿಕ್ಕ ಕೂಲಿ. ಅದನ್ನು ಕೊಟ್ಟವನಿಗೂ ಗೊತ್ತಿತ್ತು, ಪಡೆದ ನನಗೂ ಗೊತ್ತಿತ್ತು. ನಾವಿಬ್ಬರೂ ಅವನು ಸಾಯುವವರೆಗೆ ಆ ಮಾತು ಎತ್ತಲಿಲ್ಲ.

ಗಾಡಿ ಸರಿಯಾಯಿತು, ಮಾಮಾನ ಬದುಕು ಸರಿಯಾಗಲಿಲ್ಲ. ಮೂರು ವಾರದಲ್ಲಿ ಅವನ ಖಾಯಂ ಮಂದಿ ಬೇರೆ ಗಾಡಿ ಹಿಡಿದಿದ್ದರು, ತಿರುಗಿ ಬರಲಿಲ್ಲ. ವರ್ಷ ತುಂಬುವುದರೊಳಗೆ ಕಾರು ಮಾರಿ ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸಕ್ಕೆ ಸೇರಿದ. ಬೋರಮಾಳ ಮತ್ತೆ ಅವ್ವನ ಕೊರಳಿಗೆ ಬರಲಿಲ್ಲ. ಅವಳು ಅದನ್ನು ಕೇಳಿದ್ದನ್ನೂ ನಾನು ಕಾಣೆ.

ಅಪ್ಪ ಹೋದ ಮೇಲೆ ಅವ್ವ ನನ್ನ ಮನೆಗೆ ಬಂದಳು. ಹೋದ ವರ್ಷ ಮಾಮಾನಿಗೆ ಆರಾಮಿಲ್ಲವೆಂದು ಇಬ್ಬರೂ ಖಾನಾಪುರಕ್ಕೆ ಹೋದೆವು. ಭಟ್ಟಿಯ ಧೂಳು ಕುಡಿದ ಎದೆ, ನಾಲ್ಕು ಮಾತಿಗೊಮ್ಮೆ ಕೆಮ್ಮು. ನಮಗೆ ಊಟಕ್ಕೆ ಬಡಿಸಿ, ಸೊಸೆ ಮೊಮ್ಮಕ್ಕಳ ಮುಂದೆ ಅವನು ಮತ್ತೆ ಅದೇ ಕಥೆ ತೆಗೆದ. ಗಾಡಿ ಸತ್ತೇ ಹೋಗಿತ್ತು, ದಾಜಿ ಎಂಜಿನ್ ಬಿಚ್ಚಿ ಜೀವ ಹಾಕಿದರು, ಅಂಥ ಕೈ ಇನ್ನು ಹುಟ್ಟುವುದಿಲ್ಲ ಎಂದ. ಅವ್ವ ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದಳು. ಮಧ್ಯಾಹ್ನ ವಾಪಸು ಹೊರಟಾಗ, ದೇಸೂರು ಬರುವ ಮೊದಲೇ, ನಾನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಅವ್ವನಿಗೆ ಎಲ್ಲ ಹೇಳಿದೆ. ಡ್ರಿಲ್ಲು, ಗ್ರೀಸು, ಪಾನಾ, ನನ್ನ ಉತ್ತರ. ತಿರುಗಿ ಹೋಗಿ ಮಾಮಾನಿಗೂ ಹೇಳಿಬರುತ್ತೇನೆ ಎಂದೆ.

“ಹೇಳಿದ್ರ ಅವಂಗ ಹೋದದ್ದು ಬರ್ತೇತೇನು? ಕೆಮ್ಮಿಕೋತ ಕುಂತವಂಗ ಅದೊಂದ ಕಥಿ ಐತಿ. ಇರಲಿ ಬಿಡು.”

ಅವಳೇ ಮುಂದುವರಿಸಿದಳು.

“ನಂಗ ಆಗಳೇ ಗೊತ್ತಿತ್ತು. ಪರಶ್ಯಾನ್ನ ಕಳಸಾಕ ಗಾಡಿ ತನಾ ಹೋಗಿದ್ನೆಲ್ಲಾ, ಮುಚ್ಚಳಾ ಸೆರಗಲೆ ಒರಸಿ ನೋಡಿದ್ದೆ. ಹೊಸಾ ತೂತು. ಆಮ್ಯಾಲ ಬಂದು ನಿನ್ನ ಕೇಳಿದ್ದು.”

“ಗೊತ್ತಿದ್ದೂ ಯಾಕ ಕೇಳಿದಿ?”

“ಆ ಮನ್ಯಾಗ ನನ್ನ ಕಡೀಂದ ಯಾರರ ಅದಾರೋ ಇಲ್ಲೋ, ತಿಳಕೋಬೇಕಿತ್ತು.”

ಸಿಟ್ಟಿನಿಂದ ಹೇಳಲಿಲ್ಲ. ನೀರು ಬಂದಿದೆ ಎಂದು ಹೇಳುವ ದನಿಯಲ್ಲೇ ಹೇಳಿ, ಗಾಡಿ ಬಿಡು, ಹೊತ್ತಾಗುತ್ತದೆ ಎಂದಳು. ನಾನು ಲೆಕ್ಕ ಹಾಕಿದೆ. ನನ್ನನ್ನು ಮಗ್ಗದ ಹತ್ತಿರ ಕರೆದು ಕೇಳಿದ ದಿನ ಅವಳಿಗೆ ಮೂವತ್ತು ತುಂಬಿರಲಿಲ್ಲ. ಆ ಉತ್ತರ ಕೇಳಿಸಿಕೊಂಡು ಎದ್ದು ಹೋಗಿ, ಅಂದಿನ ರೊಟ್ಟಿಗೆ ಹಿಟ್ಟು ನಾದಿ, ಮೊದಲು ಅಪ್ಪನಿಗೆ, ಆಮೇಲೆ ನನಗೆ ಬಡಿಸಿದ್ದಳು.